ಸಿನಿಮಾ ಸಂಗೀತದ ಆಲ್ಬಂ: ಮೊದಲು ಆರ್ಕೆಸ್ಟ್ರಾ ಹೆಸರು ನೋಡಿ

ಹಾಲಿವುಡ್ ಸಿನಿಮಾ ಸಂಗೀತದ ಸಂಗ್ರಹ ಆಲ್ಬಂ ಕೊಳ್ಳುವ ಮುಂಚೆ ಟ್ರ್ಯಾಕ್ ಪಟ್ಟಿಗಿಂತ ಆರ್ಕೆಸ್ಟ್ರಾ ಹೆಸರು ನೋಡಿ. ಬೇರೆ ಬೇರೆ ಕಾಲದ ಸಿನಿಮಾಗಳಿಗೆಲ್ಲ ಒಂದೇ ಹೆಸರಿದ್ದರೆ, ಉದಾಹರಣೆಗೆ ಸಿಟಿ ಆಫ್ ಪ್ರಾಗ್ ಫಿಲ್‌ಹಾರ್ಮೋನಿಕ್, ಅದು ಮತ್ತೆ ನುಡಿಸಿದ್ದು. ಥಿಯೇಟರಿನಲ್ಲಿ ಕೇಳಿದ್ದಲ್ಲ. ಮೂಲ ಧ್ವನಿಮುದ್ರಣಗಳ ಹಕ್ಕು ಬೇರೆ ಬೇರೆ ಕಂಪನಿಗಳ ಕೈಯಲ್ಲಿರುತ್ತದೆ. ಅವನ್ನೆಲ್ಲ ಕೂಡಿಸುವುದಕ್ಕಿಂತ ಹೊಸದಾಗಿ ನುಡಿಸುವುದೇ ಸಲೀಸು, ಅಲ್ವಾ? ಲಂಡನ್ ಸಿಂಫನಿ ಆರ್ಕೆಸ್ಟ್ರಾ ಹೆಸರಿದ್ದರೆ ಮಾತ್ರ ಈ ಉಪಾಯ ಕೈಕೊಡಬಹುದು. 1977ರ ಸ್ಟಾರ್ ವಾರ್ಸ್‌ನ ಮೂಲ ಸಂಗೀತ ನುಡಿಸಿದ್ದೇ ಅವರು. ಹಾಗಂತ ಮತ್ತೆ ನುಡಿಸಿದ್ದೆಲ್ಲ ಕಳಪೆ ಅಂತ ಸುಮ್ನೆ ಬಿಟ್ಟುಬಿಡಬೇಡಿ. 1970ರ ದಶಕದಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಚಾರ್ಲ್ಸ್ ಗರ್ಹಾರ್ಟ್ ಆರ್‌ಸಿಎ ರೆಕಾರ್ಡ್ ಕಂಪನಿಗೆ ಮತ್ತೆ ನುಡಿಸಿ ಮಾಡಿಕೊಟ್ಟ ಹಳೆ ಹಾಲಿವುಡ್ ಸಂಗೀತದ ಸರಣಿ, ನನ್ನ ಕಿವಿಗಂತೂ, 1930ರ ದಶಕದ ಮೂಲ ಮೋನೊ (ಒಂದೇ ಚಾನೆಲ್‌ನ) ಧ್ವನಿಮುದ್ರಣಕ್ಕಿಂತ ಎಷ್ಟೋ ಚೆನ್ನ.