ಮಳೆಗಾಲಕ್ಕೆ ಮೊದಲೇ ಪಾತಿಗೆ ಜೆಲ್‌ಕೋಟ್: ನನ್ನ ಅನುಭವ

ಕಾರವಾರದ ಕೋಡಿಬಾಗದಲ್ಲಿ ಕಟ್ಟುವ ನನ್ನ ಫೈಬರ್ ಪಾತಿಯ (ಸಣ್ಣ ದೋಣಿಯ) ಒಂದು ಬದಿ ಜೆಟ್ಟಿಯ ಕಲ್ಲಿಗೆ ಉಜ್ಜಿ ಉಜ್ಜಿ ಜೆಲ್‌ಕೋಟ್, ಅಂದರೆ ಫೈಬರನ್ನು ಕಾಯುವ ಹೊರಗಿನ ಬಿಳಿ ಪದರ ಹೋಗಿತ್ತು, ಒಳಗಿನ ಮ್ಯಾಟ್‌ನ (ಗಾಜಿನ ನಾರಿನ ಹಾಸು) ಎಳೆ ಕಾಣುತ್ತಿತ್ತು. ಮೂತಿಯ ಹತ್ತಿರ ಕೂದಲೆಳೆಯಂಥ ಬಿರುಕುಗಳೂ ಇದ್ದವು. ರಿಪೇರಿಯನ್ನು ನಾನೇ ಮಾಡಿದೆ. ಕಾಲ ಆರಿಸಿಕೊಂಡದ್ದು ಏಪ್ರಿಲ್ ಕೊನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಎಲ್ಲರ ಕೈಯೂ ಖಾಲಿ ಎಂದು ರಿಪೇರಿಯನ್ನು ಆಗಲೇ ಇಟ್ಟುಕೊಳ್ಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ನಮ್ಮ ಕಡೆಯ ಆಷಾಢದ ಮಳೆಯಲ್ಲಿ ತಾಡಪಾಲಿನ ಕೆಳಗೂ ಫೈಬರ್ ಒಣಗುವುದಿಲ್ಲ.

ಎಳೆ ಬಿಚ್ಚಿಕೊಂಡ ಜಾಗದಲ್ಲಿ ಉಪ್ಪುನೀರು ಒಳಗೆ ಹೀರಿಕೊಂಡಿರುತ್ತದೆ. ಮೊದಲು ಬಾವಿ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಮಗುಚಿ ಹಾಕಿ ಒಣಗಲು ಬಿಟ್ಟೆ. ಒಣಗಿತೇ ಎಂದು ತಿಳಿಯಲು ಒಂದು ತುಂಡು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಅಂಟಿಸಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಬೆವರು ಕಂಡರೆ ಇನ್ನೂ ಕಾಯಬೇಕು. ಒದ್ದೆ ಫೈಬರಿನ ಮೇಲೆ ಹಚ್ಚಿದ್ದು ಆಮೇಲೆ ಗುಳ್ಳೆ ಎದ್ದು ಕಳಚುತ್ತದೆ.

ಬಿರುಕಿನ ಮೇಲೆ ಸುಮ್ಮನೆ ಸವರಿದರೆ ಪ್ರಯೋಜನವಿಲ್ಲ. ಸ್ಕ್ರೇಪರ್ ಮೂಲೆಯಿಂದ ಅದನ್ನು ವಿ ಆಕಾರಕ್ಕೆ ಅಗಲಿಸಬೇಕು. ಮೂತಿಯನ್ನು ಒಳಗಿನಿಂದ ಒತ್ತಿ ನೋಡಿದೆ, ಬಳುಕುತ್ತಿತ್ತು. ಬಳುಕುವ ಕಡೆ ಬಿರುಕು ಮರಳಿ ಬಂದೇ ಬರುತ್ತದೆ. ಹಾಗಾಗಿ ಒಳಬದಿಗೆ 450 ಗ್ರಾಂ ಮ್ಯಾಟ್ ಎರಡು ಪದರ ಕೂರಿಸಿದ ಮೇಲೆಯೇ ಹೊರಗಿನ ಕೆಲಸ. ಹಿಂದಿನವರು ಎಂ-ಸೀಲ್ ತುಂಬಿದ್ದ ಒಂದು ತೂತನ್ನೂ ಕೆತ್ತಿ ತೆಗೆದೆ. ಎಂ-ಸೀಲ್ ಎಪಾಕ್ಸಿ, ಜೆಲ್‌ಕೋಟ್ ಪಾಲಿಯೆಸ್ಟರ್. ಗಟ್ಟಿಯಾದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನೆಚ್ಚುವ ಹಾಗೆ ಹಿಡಿಯುವುದಿಲ್ಲ. ಸುತ್ತಲೂ 80 ನಂಬರ್ ಉಜ್ಜುಕಾಗದದಿಂದ ಒರಟು ಮಾಡಿ, ಅಸಿಟೋನ್ ಬಟ್ಟೆಯಿಂದ ಒರೆಸಿದೆ.

ಹಳೆ ಬಿಳಿ ಬಿಸಿಲಿಗೆ ಹಳದಿಗಟ್ಟಿರುತ್ತದೆ. ಆ ಧೂಳು ಬಣ್ಣಕ್ಕೆ ಹೊಂದಿಸಲು ಹೋಗಬೇಡಿ, ಪಕ್ಕದಲ್ಲಿ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಉಜ್ಜಿ ನಿಜವಾದ ಬಣ್ಣ ನೋಡಿ. ಜೆಲ್‌ಕೋಟಿಗೆ ಪಿಗ್ಮೆಂಟ್ ಬೆರೆಸಿ ಒಂದು ಬೊಟ್ಟು, ಗಟ್ಟಿಯಾಗಿಸುವ ಹಾರ್ಡ್‌ನರ್ ಸಮೇತ, ಅಲ್ಲೇ ಇಟ್ಟು, ಗಟ್ಟಿಯಾದ ಮೇಲೆ ತೀರ್ಮಾನಿಸಿ. ಹಸಿ ಬಣ್ಣವೂ ಗಟ್ಟಿಯಾದ ಬಣ್ಣವೂ ಒಂದೇ ಆಗಿರುವುದಿಲ್ಲ.

ಇನ್ನು ಹಾರ್ಡ್‌ನರ್, ಅಂದರೆ ಎಂಇಕೆಪಿ. ತೂಕದಲ್ಲಿ ಸಾಮಾನ್ಯವಾಗಿ 1ರಿಂದ 2 ಪ್ರತಿಶತ. ನಮ್ಮ ಸೆಕೆಗೆ ನಾನು 100 ಗ್ರಾಂ ಜೆಲ್‌ಕೋಟಿಗೆ ಒಂದೂಕಾಲು ಗ್ರಾಂ ಹಾಕಿದೆ. ಕಣ್ಣಳತೆ ನಡೆಯದು, ಚಿನ್ನದಂಗಡಿಯವರು ಬಳಸುವಂಥ ಸಣ್ಣ ತಕ್ಕಡಿ ಕೊಂಡುಕೊಳ್ಳಿ. ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣ ಜೆಲ್‌ಕೋಟಿನಲ್ಲಿ ಮೊದಲೇ ಬೆರೆತಿದೆಯೇ ಎಂದು ಅಂಗಡಿಯಲ್ಲೇ ಕೇಳಿ. ಬೆರೆತಿಲ್ಲವಾದರೆ ಮೊದಲು ಕೋಬಾಲ್ಟ್ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್. ಇವೆರಡು ನೇರವಾಗಿ ಕೂಡಿದರೆ ಬೆಂಕಿ, ಸ್ಫೋಟ ಆಗಬಹುದು. ಹಾರ್ಡ್‌ನರ್‌ನ ಹನಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು, ಕನ್ನಡಕವಿಲ್ಲದೆ ಬಾಟಲಿ ಮುಟ್ಟಬೇಡಿ.

ಬೆಳಗಿನ ಇಬ್ಬನಿ ಆರಿದ ಮೇಲೆ, ಪಡುಗಾಳಿ ಏಳುವ ಮುಂಚೆ, ನೆರಳಿನಲ್ಲಿ ಹಚ್ಚಿದೆ. ಗಾಳಿ ಎದ್ದರೆ ಮರಳು ಬಂದು ಕೂರುತ್ತದೆ. ಆಳದ ಗುಂಡಿಗಳಿಗೆ ಏರೋಸಿಲ್ (ಮಂದ ಮಾಡುವ ಹಗುರ ಸಿಲಿಕಾ ಪುಡಿ) ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ತಂದು ತುಂಬಿದೆ. ಉಳಿದ ಕಡೆ ಬ್ರಷ್. ಹಸಿಯಲ್ಲಿ ಒಟ್ಟು ಅರ್ಧ ಮಿಲಿಮೀಟರ್ ದಪ್ಪ ಬೇಕು, ಚದರ ಮೀಟರಿಗೆ ಸುಮಾರು 600 ಗ್ರಾಂ ಹಿಡಿಯುತ್ತದೆ. ಮೊದಲ ಕೋಟ್ ಬೆರಳಿಗೆ ಅಂಟುವಂತಿದ್ದೂ ಬೆರಳಿಗೆ ಬಾರದಿರುವಾಗ ಎರಡನೆಯದು.

ಪೇಂಟ್ ಬಳಸಿ ರೂಢಿಯಿರುವವರಿಗೆ ಮುಂದಿನದು ವಿಚಿತ್ರ ಅನಿಸಬಹುದು. ಜೆಲ್‌ಕೋಟ್ ಗಾಳಿಗೆ ಒಣಗುವುದಲ್ಲ. ಗಾಳಿಯ ಆಮ್ಲಜನಕ ತಾಗಿದಷ್ಟು ಹೊತ್ತೂ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಕಾರ್ಖಾನೆಯಲ್ಲಿ ಅಚ್ಚಿನ ಮೈಗೆ ಹಚ್ಚುವುದರಿಂದ ಈ ತೊಂದರೆಯಿಲ್ಲ. ನಮಗಿರುವ ದಾರಿ ಎರಡು: ಕೊನೆಯ ಕೋಟಿಗೆ ವ್ಯಾಕ್ಸ್ ದ್ರಾವಣ ಬೆರೆಸುವುದು, ಇಲ್ಲವೇ ಮೇಲ್ಮೈ ಮುಚ್ಚುವುದು. ವ್ಯಾಕ್ಸನ್ನು ಒಳ ಕೋಟಿಗೆ ಹಾಕಿದರೆ ಅದರ ಮೇಲೆ ಇನ್ನೊಂದು ಹಿಡಿಯದು. ಸಣ್ಣ ಜಾಗಗಳಿಗೆ ನಾನು ಓಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹೊದೆಸಿ, ಗುಳ್ಳೆ ಹೊರಬರುವಂತೆ ನಡುವಿನಿಂದ ಅಂಚಿಗೆ ನವಿರಾಗಿ ಒತ್ತಿದೆ. ದೊಡ್ಡ ಬದಿಗೆ ಮಾತ್ರ ವ್ಯಾಕ್ಸ್. ಹಾಳೆಯ ವಿಧಾನವೇ ನನಗೆ ಮೆಚ್ಚು, ಉಜ್ಜುವ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ.

ಉಗುರು ಊರದಷ್ಟು ಗಟ್ಟಿಯಾದ ಮೇಲೆ ನೀರು ಹಾಕಿ 320, 400, 600, 800, 1000 ಎಂದು ಉಜ್ಜುತ್ತಾ ಹೋಗುವುದು, ಕೊನೆಗೆ ಕಾಂಪೌಂಡ್, ಪಾಲಿಶ್. ನಂಬರ್ ಹಾರಿಸಿದರೆ ಹಿಂದಿನ ಗೀರು ಪಾಲಿಶಿನಲ್ಲಿ ಎದ್ದು ಕಾಣುತ್ತದೆ. ನೀರಿನ ಗೆರೆಯ ಕೆಳಗೆ ಇಷ್ಟು ಶ್ರಮ ಬೇಡ. ಅಲ್ಲಿ ಹೇಗೂ ತಳದ ಪೇಂಟ್ ಬರುತ್ತದೆ, ಅದು ಹಿಡಿಯಲು ಮೈ ಸ್ವಲ್ಪ ಒರಟಾಗಿದ್ದರೇ ಒಳ್ಳೆಯದು.