ಮರಳು ತುಂಬಿದ ಪೈಪು ಆರಿಸಿಕೊಟ್ಟ ಜೋಡುನಳಿಗೆ

ಒಣಗಿದ ಅಡಿಕೆ ಅಟ್ಟದಲ್ಲಿರುವಾಗ ಒಂಟಿ ಮನೆಯ ರಾತ್ರಿ ಎಷ್ಟು ಉದ್ದವೆಂದು ಸುಳ್ಯದ ಕಡೆಯ ಕೃಷಿಕರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಲ್ಲಿಂದ ಪಕ್ಕದ ಮನೆಗೆ ತೋಡು ದಾಟಿ ಕಾಲು ಗಂಟೆಯ ದಾರಿ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಮಾವನವರ ಕಾಲದ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು ಎಂದೋ ಠಾಣೆಗೆ ಒಪ್ಪಿಸಿಯಾಗಿತ್ತು. 2020ರ ಕೊನೆಯಲ್ಲಿ ಆತ್ಮರಕ್ಷಣೆ ಮತ್ತು ಬೆಳೆ ರಕ್ಷಣೆ ಎರಡಕ್ಕೂ ಸೇರಿಸಿ ಅರ್ಜಿ ಹಾಕಿದೆ. ಪರವಾನಗಿ ಕೈಗೆ ಬರಲು ಹದಿನಾಲ್ಕು ತಿಂಗಳೇನೋ ಹಿಡಿಯಿತು. ಆ ಓಡಾಟ ಎಲ್ಲರಿಗೂ ಗೊತ್ತಿರುವುದೇ.

ನಿಜವಾದ ಕಷ್ಟ ಶುರುವಾದದ್ದು ಯಾವ ಕೋವಿ ಎಂಬಲ್ಲಿ. ಮೈದುನ, "ಅತ್ತಿಗೆ, ನಿಮ್ಮ ಕೈಗೆ ರಿವಾಲ್ವರ್ ಸಾಕು, ಕೋವಿ ಎತ್ತಲು ನಿಮ್ಮಿಂದಾಗುವುದಿಲ್ಲ" ಎಂದ. ಸಂಪಾಜೆ ಘಟ್ಟದ ಆಚೆ, ಕೊಡಗಿನ ಪರಿಚಯದವರೊಬ್ಬರು ರೈಫಲೇ ಸರಿ ಎಂದರು. ಅಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ, 2029ರವರೆಗೆ ಅದನ್ನು ಮುಂದುವರಿಸಿಯೂ ಆಗಿದೆ. ಕೋವಿಯ ಜೊತೆಗೇ ಬೆಳೆದವರ ಲೆಕ್ಕಾಚಾರ ಬೇರೆ. ನನ್ನ ಎತ್ತರ ಐದಡಿಗಿಂತ ಒಂದು ಇಂಚು ಕಡಿಮೆ, ವಯಸ್ಸು ಆಗಲೇ ಐವತ್ತೊಂದು.

ಪೊಲೀಸರ ನಾಗರಿಕ ಬಂದೂಕು ತರಬೇತಿ ಮುಗಿಸಿದ್ದೆ. ಆಮೇಲೆ ಪರಿಣತರೊಬ್ಬರ ಮೇಲ್ವಿಚಾರಣೆಯಲ್ಲಿ ರಿವಾಲ್ವರ್, ಪಂಪ್ ಆಕ್ಷನ್, ಜೋಡುನಳಿಗೆ ಮೂರನ್ನೂ ಹಾರಿಸಿ ನೋಡಿದೆ. .32 ರಿವಾಲ್ವರಿನಲ್ಲಿ ಹತ್ತು ಹೆಜ್ಜೆಯಿಂದ ಆರು ಗುಂಡಿಗೆ ಎರಡು ಗುರಿಗೆ ತಾಗಿದವು. ಬೆಲೆ ಲಕ್ಷದ ಆಸುಪಾಸು, ಮೇಲಾಗಿ ಹಂದಿಗೆ ಅದು ಉಪಯೋಗಕ್ಕಿಲ್ಲ. ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಬದಲಿಸುವ ಪಂಪ್ ಆಕ್ಷನ್ ಬಹಳ ಇಷ್ಟವಾಗಿತ್ತು. ಆದರೆ ಗಡಿಬಿಡಿಯಲ್ಲಿ ಅದನ್ನು ಪೂರ್ತಿ ಹಿಂದಕ್ಕೆ ಎಳೆಯದೆ ಎರಡು ಬಾರಿ ಖಾಲಿ ತೋಟಾ ಒಳಗೇ ಸಿಕ್ಕಿಕೊಂಡಿತು. ಹಗಲು ಬೆಳಕಿನಲ್ಲೇ ಹೀಗಾದರೆ ನಡುರಾತ್ರಿ ನಡುಗುವ ಕೈಯಲ್ಲಿ ಏನಾದೀತು? ಅಲ್ಲಿಗೆ 12 ಬೋರಿನ ಜೋಡುನಳಿಗೆ, ಅಂದರೆ ಚರೆ ಹಾರಿಸುವ ಎರಡು ನಳಿಗೆಯ ಕೋವಿ ಎಂದು ನಿಶ್ಚಯಿಸಿದೆ. ನಳಿಗೆಯನ್ನು ಬುಡದಲ್ಲಿ ಬಾಗಿಸಿ ತೆರೆದು ನೋಡಿದರೆ ತುಂಬಿದೆಯೋ ಖಾಲಿಯೋ ಕಣ್ಣಿಗೇ ಕಾಣುತ್ತದೆ.

ಮೊದಲ ಜೋಡುನಳಿಗೆಯಲ್ಲಿ ಮೋಸ ಹೋದೆ. ವ್ಯಾಪಾರಿಯೊಬ್ಬರು ತೋರಿಸಿದ ಹಳೆಯ ವಿದೇಶಿ ಕೋವಿಯ ಕೆತ್ತನೆ ನೋಡಿ ಹತ್ತು ಸಾವಿರ ಮುಂಗಡ ಕೊಟ್ಟೆ. ಕೋವಿ ರಿಪೇರಿಯವರು ಬೆಳಕಿಗೆ ಹಿಡಿದು ನೋಡಿದರೆ ಎಡ ನಳಿಗೆಯೊಳಗೆ ತುಕ್ಕಿನ ಹೊಂಡಗಳು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ತೋಟಾ ಕೂರುವ ಗೂಡು 65 ಮಿಲಿಮೀಟರಿನದು. ಈಗ ಸಾಮಾನ್ಯವಾಗಿ ಸಿಗುವ 70ರ ತೋಟಾ ಅದರಲ್ಲಿ ಕೂರುತ್ತದೆ, ಕೂತದ್ದರಿಂದಲೇ ಅಪಾಯ. ಹಾರಿದಾಗ ತೋಟಾದ ಬಾಯಿ ಬಿಚ್ಚಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತದೆ. ಮುಂಗಡ ವಾಪಸ್ ಬರಲಿಲ್ಲ. ಹಳೆಯ ಕೋವಿ ಕೊಳ್ಳುವವರು ಗೂಡಿನ ಅಳತೆ ಹೇಳುವ, ನಳಿಗೆಯ ಅಡಿಯ ಮುದ್ರೆಯನ್ನು ಓದಿಸದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ಮನೆಯೊಳಗೆ ಎಷ್ಟು ಉದ್ದದ ಕೋವಿ ಸಲೀಸಾಗಿ ತಿರುಗುತ್ತದೆಂದು ತಿಳಿಯಲು ಆಮೇಲೆ ಮಾಡಿದ್ದೇ ನನ್ನ ಪೈಪಿನ ಉಪಾಯ. ಪಂಪ್‌ಸೆಟ್ಟಿನ ಹಳೆಯ ಪಿವಿಸಿ ಪೈಪಿಗೆ ಮರಳು ತುಂಬಿ ಮೂರು ಕಿಲೋ ಚಿಲ್ಲರೆ ತೂಗುವಂತೆ ಮಾಡಿದೆ. ಉದ್ದ ಮೊದಲು 47 ಇಂಚು, ಅಂದರೆ 30 ಇಂಚಿನ ನಳಿಗೆಯ ಕೋವಿಯಷ್ಟು. ರಾತ್ರಿ ದೀಪ ಆರಿಸಿ ಅದನ್ನು ಹಿಡಿದು ಮಲಗುವ ಕೋಣೆಯಿಂದ ಚಾವಡಿಯವರೆಗೆ ನಡೆದೆ. ಅಡುಗೆಮನೆಯ ತಿರುವಿನಲ್ಲಿ ಬಾಗಿಲಿನ ದಾರಂದಕ್ಕೆ ಬಡಿಯಿತು, ಮೂರು ರಾತ್ರಿಯೂ ಬಡಿಯಿತು. ಎರಡು ಇಂಚು ಕತ್ತರಿಸಿದೆ, ಬಡಿಯಲಿಲ್ಲ. ನೋಡಿದವರೆಲ್ಲ ತಲೆಯಾಡಿಸಿದರು. "ಪೈಪು ಹಿಡಿದು ಯಾರಾದರೂ ಕೋವಿ ಆರಿಸುತ್ತಾರೆಯೇ?" ಎಂದು ಮೈದುನ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ನಾನು 28 ಇಂಚಿನ ನಳಿಗೆಯೇ ಬೇಕೆಂದು ಏಳು ತಿಂಗಳು ಕಾದೆ. ಉದ್ದದ್ದನ್ನು ಕೊಂಡು ಕತ್ತರಿಸಬಹುದಲ್ಲ ಎನ್ನುವವರ ಮಾತು ಕೇಳಬೇಡಿ, ಪರವಾನಗಿಯಿಲ್ಲದೆ ನಳಿಗೆ ಗಿಡ್ಡ ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಕೊನೆಗೆ ಪುತ್ತೂರಿನ ಕಡೆಯ ವಯಸ್ಸಾದ ಕೃಷಿಕರೊಬ್ಬರದು ಸಿಕ್ಕಿತು. ಅವರು ಮಾರುವ ವಿಷಯವನ್ನು ಅಧಿಕಾರಿಗಳಿಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕಿತ್ತು, ಕಾದೆವು. ಕೋವಿಗೆ ಸುಮಾರು ನಲವತ್ತೆರಡು ಸಾವಿರ. ಭುಜಕ್ಕೆ ಆನಿಸುವ ಮರವನ್ನು ಮುಕ್ಕಾಲು ಇಂಚು ಕಡಿಮೆ ಮಾಡಿಸಿ ರಬ್ಬರ್ ಹಾಕಿಸಲು ಇನ್ನೊಂದು ಎರಡೂವರೆ ಸಾವಿರ. ಈ ಮುಕ್ಕಾಲು ಇಂಚಿಗೆ ಕೊಟ್ಟ ಹಣದಷ್ಟು ಸಾರ್ಥಕವಾದ ಖರ್ಚು ಬೇರೊಂದಿಲ್ಲ. ಭುಜ ನೀಲಿಗಟ್ಟುವುದು ಅಂದಿಗೇ ನಿಂತಿತು.

ಚರೆಕೋವಿಗೆ ಗುರಿ ಹಿಡಿಯಬೇಕಾಗಿಲ್ಲ ಎಂಬ ಮಾತನ್ನು ಅಡಿಕೆ ಹಾಳೆಯ ಮೇಲೆ ಪರೀಕ್ಷಿಸಿದೆ. ಚಾವಡಿಯ ಮೂಲೆಯಿಂದ ಮುಂಬಾಗಿಲಿಗೆ ಎಂಟು ಹೆಜ್ಜೆ. ಠಾಣೆಗೆ ತಿಳಿಸಿ, ತೋಟದ ಕೆಳಗಿನ ಎತ್ತರದ ಮಣ್ಣಿನ ಬರೆಗೆ ಹಾಳೆ ಒರಗಿಸಿ ಅಷ್ಟೇ ದೂರದಿಂದ ಹಾರಿಸಿದರೆ ತೂತುಗಳೆಲ್ಲ ಒಂದು ಮುಷ್ಟಿಯಗಲದಲ್ಲೇ ಬಿದ್ದಿದ್ದವು. ಗುರಿ ತಪ್ಪಿದರೆ ಪೂರ್ತಿ ತಪ್ಪಿದಂತೆಯೇ. ಇಪ್ಪತ್ತೈದು ಹೆಜ್ಜೆಗೆ ಹೋದಾಗ ಮಾತ್ರ ಗೆರಸೆಯಗಲ ಹರಡಿತು. ಮರುದಿನ ಹಳೆಯ ಹಲಸಿನ ಹಲಗೆಗಳನ್ನು ನಿಲ್ಲಿಸಿ ನೋಡಿದೆ. ಎಲ್‌ಜಿ ಎಂಬ ದಪ್ಪ ಚರೆಯ ತೋಟಾ ಹಲಗೆ ತೂರಿ ಹಿಂದಿನ ಮಣ್ಣಿಗೆ ಹೊಕ್ಕಿತ್ತು. ಅತ್ತೆ ಮಲಗುವ ಕೋಣೆಗೆ ಇರುವುದು ಹಲಗೆಯ ಗೋಡೆ. ಅಂದಿನಿಂದ ಆ ದಿಕ್ಕಿಗೆ ನಳಿಗೆ ತಿರುಗಿಸುವ ಪ್ರಶ್ನೆಯೇ ಇಲ್ಲವೆಂದು ನಾನು ನಿಲ್ಲುವ ಜಾಗವನ್ನೇ ಬದಲಿಸಿದೆ.

ತೋಟಾದಲ್ಲೂ ಹಣ ಕಳೆದೆ. ಮೊದಲ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿಟ್ಟಿದ್ದೆ. ಹೊಗೆ, ಹಬೆ ಎರಡೂ ತಾಗಿ ಹತ್ತರಲ್ಲಿ ಮೂರು ಹಾರಲೇ ಇಲ್ಲ. ಕಾಗದದ ಕವಚದವು ಉಬ್ಬಿ ಗೂಡಿಗೇ ಇಳಿಯಲಿಲ್ಲ. ಈಗ ಪ್ಲಾಸ್ಟಿಕ್ ಕವಚದವನ್ನೇ ತಂದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ ಬೇರೆ ಬೀಗದಲ್ಲಿಡುತ್ತೇನೆ. ತೇವ ತಡೆಯಲು ಡಬ್ಬದೊಳಗೆ ಏನು ಹಾಕುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿಡುವ ಗೋಳು ನಮಗೆಲ್ಲ ಒಂದೇ. 2023ರ ಮೇ ಚುನಾವಣೆ ಮುಗಿದು ತಂದಾಗ ನಳಿಗೆಯ ಮೇಲೆ ಕೆಂಪು ಚುಕ್ಕೆಗಳಿದ್ದವು. 2024ರಲ್ಲಿ ನಾನೇ ಕಾಯಿಸಿ ಬೆರೆಸಿದ ಎಣ್ಣೆ ಹಚ್ಚಿ, ಹಳೆಯ ಹತ್ತಿ ಸೀರೆ ಸುತ್ತಿ ಕೊಟ್ಟೆ. ಹೋದ ಹಾಗೆಯೇ ಬಂತು. ಕೊಡುವಾಗ ರಸೀದಿಯಲ್ಲಿ ಕೋವಿಯ ಸ್ಥಿತಿಯನ್ನೂ ಬರೆಸಿಕೊಳ್ಳಿ.

ಆ ವರ್ಷದ ಆಗಸ್ಟಿನಲ್ಲಿ ಒಂದು ರಾತ್ರಿ ನಾಯಿ ಬೊಗಳುವ ಧಾಟಿ ಬೇರೆಯಾಗಿತ್ತು. ಅಂಗಳದಲ್ಲಿ ಇಬ್ಬರ ಹೆಜ್ಜೆ. ಕತ್ತಲಲ್ಲೇ ಕೋವಿ ತೆಗೆದು, ಎಲ್ಲಿಗೂ ತಾಗದೆ ಆ ತಿರುವು ದಾಟಿ ನನ್ನ ಜಾಗದಲ್ಲಿ ನಿಂತೆ. ಬಾಗಿಲು ತೆರೆಯಲಿಲ್ಲ. 112ಕ್ಕೆ ಕರೆ ಮಾಡಿ, ಒಳಗಿನ ಸ್ವಿಚ್ಚಿನಿಂದ ಅಂಗಳದ ದೀಪಗಳನ್ನೆಲ್ಲ ಒಮ್ಮೆಲೇ ಹೊತ್ತಿಸಿ, ಕೋವಿ ಇದೆಯೆಂದು ಕೂಗಿದೆ. ಅವರು ತೋಡಿನ ಕಡೆಗೆ ಓಡಿದರು. ಓಡುವವರ ಬೆನ್ನಿಗೆ ಕಾನೂನೂ ಗುಂಡು ಹಾರಿಸಲು ಬಿಡುವುದಿಲ್ಲ, ನನ್ನ ಮನಸ್ಸೂ ಬಿಡುವುದಿಲ್ಲ. ತೋಟಾ ಎರಡನ್ನೂ ತೆಗೆದು ಡಬ್ಬಕ್ಕೆ ಹಾಕಿದ ಮೇಲೆ ಕೈ ನಡುಗಲು ಶುರುವಾಯಿತು.

ಕಳೆದ ತಿಂಗಳು ಮೈದುನನಿಗೂ ಪರವಾನಗಿ ಬಂದಿದೆ. ಪೈಪನ್ನು ಅವನೇ ಬಂದು ಕೊಂಡುಹೋದ. ಅವನ ಮನೆಯ ತಿರುವು ನಮ್ಮದಕ್ಕಿಂತ ಇಕ್ಕಟ್ಟು, ಇನ್ನೊಂದು ಇಂಚು ಕತ್ತರಿಸಬೇಕಾದೀತು ಎಂದು ಮೊನ್ನೆ ಫೋನ್ ಮಾಡಿದ್ದ.