ಹಳೆ ಟಾಟಾ-ಬೆಂಜ್ ಲಾರಿಗೆ ಇನ್ನೊಂದು ಗಾಡಿಯ ಬಿಡಿಭಾಗ

ಟಾಟಾ ಮರ್ಸಿಡಿಸ್-ಬೆಂಜ್ ಲಾರಿಗೆ ಮತ್ತೆ ಜೀವ ಕೊಡಲು ಹೊರಟವರಿಗೆ ಒಂದು ಮಾತು. ಆ ಎರಡು ಕಂಪನಿಗಳ ಒಪ್ಪಂದ 1954ರಿಂದ 1969ರವರೆಗೆ ಇತ್ತು. ಆಮೇಲಿನ ಟಾಟಾ ಲಾರಿಗಳೂ ಅದೇ ಬೇರಿನವು. ಹಾಗಾಗಿ ಬಿಡಿಭಾಗ ತೆಗೆಯಲು ಗುಜರಿಯಿಂದ ಒಂದು ಹಳೆ ಟಾಟಾ ಗಾಡಿ ತಂದಿಟ್ಟುಕೊಂಡರೆ ಉಪಯೋಗವಿದೆ. ಆದರೆ ಅಳತೆ ಹಿಡಿದು ನೋಡಿಯೇ ಕೊಳ್ಳಿ.

ತಂದ ದಿನವೇ ಸುಮ್ನೆ ಬಿಚ್ಚಿ ಹಾಕಬೇಡಿ. ಯಾವ ವೈರ್ ಎಲ್ಲಿ ಹೋಗುತ್ತದೆ, ಯಾವ ಬ್ರಾಕೆಟ್ ಎಲ್ಲಿ ಕೂರುತ್ತದೆ ಅಂತ ತೋರಿಸುವ ನಕ್ಷೆ ಅದೇ ಅಲ್ವಾ? ಮೊದಲು ಫೋಟೋ, ಆಮೇಲೆ ಸ್ಪ್ಯಾನರ್. ಕ್ರೌನ್ ಮತ್ತು ಪಿನಿಯನ್ (ಒಂದಕ್ಕೊಂದು ಹಲ್ಲು ಕೂರುವ ಎರಡು ಗೇರ್) ಜೋಡಿಯಾಗಿಯೇ ಹಾಕಿ. ಒಂದನ್ನೇ ಬದಲಿಸಿದರೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಕೂಗುತ್ತದೆ. ಬ್ರೇಕ್ ರಬ್ಬರ್, ಹೋಸ್ ಮಾತ್ರ ಹೊಸದೇ ಇರಲಿ, ಅಲ್ಲಿ ಜಿಪುಣತನ ಬೇಡ.

ಇಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಬರೆಸಿ. ಚಾಸಿ ನಂಬರ್ ಮುಟ್ಟಲೇಬೇಡಿ.